ಡಾಕ್ಟರ ಪುಟ ಮಾತ್ರ ತೆರೆಯದ ಮನೆ

ಆ ಮನೆಯಿಂದ ಕಂಪ್ಲೇಂಟ್ ಬಂದಾಗ ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ಭದ್ರಾವತಿಯ ನ್ಯೂ ಟೌನ್ ಕಡೆಯ ಇಂಟರ್‌ನೆಟ್ ಲೈನುಗಳನ್ನು ಅವನು ನೋಡಿಕೊಳ್ಳುತ್ತಿದ್ದ. ನಾನು ಅಂಗಡಿಯಲ್ಲಿ ಕೂತು ಫೋನ್ ತೆಗೆಯುತ್ತಿದ್ದೆ. ಅವನು ಹೋದ ಮೇಲೆ ಫೋನ್ ತೆಗೆಯುವವಳೂ ನಾನೇ, ಟೂಲ್ ಬ್ಯಾಗ್ ನೇತುಹಾಕಿಕೊಂಡು ಸ್ಕೂಟಿಯಲ್ಲಿ ಮನೆ ಮನೆಗೆ ಹೋಗುವವಳೂ ನಾನೇ. ಕೆಲಸ ಗೊತ್ತಿತ್ತು, ಇಬ್ಬರೂ ಐಟಿಐ ಮಾಡಿದ್ದು ಒಂದೇ ಕಡೆ. ಗೊತ್ತಾಗದೆ ಇದ್ದದ್ದು, ಜನ ಫೋನ್ ಮಾಡಿ "ಅಣ್ಣ ಇಲ್ವಾ?" ಎಂದರೆ ಏನು ಹೇಳಬೇಕೆಂಬುದು. "ಇಲ್ಲ" ಅನ್ನುತ್ತಿದ್ದೆ. "ಬಂದ್ಮೇಲೆ ಕಳ್ಸಮ್ಮ" ಎಂದು ಅವರು ಇಟ್ಟುಬಿಡುತ್ತಿದ್ದರು. ನಮ್ಮ ಭಾಷೆಯಲ್ಲಿ ಇಲ್ಲ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ನಾನು ತಿದ್ದಲು ಹೋಗುತ್ತಿರಲಿಲ್ಲ.

ಈ ಹೆಂಗಸೂ ಹಾಗೇ ಕೇಳಿದರು, ನಾನೂ ಹಾಗೇ ಹೇಳಿದೆ. ಆದರೆ ಇವರು ಫೋನ್ ಇಡಲಿಲ್ಲ. "ಹಂಗಾದ್ರೆ ನೀವೇ ಬನ್ನಿ ಮಾರಾಯ್ತಿ, ನಂಗೆ ಕಾಯಕ್ಕಾಗಲ್ಲ" ಎಂದರು. ನೆಟ್ ಬರುತ್ತದೆಯಂತೆ, ಹಾಡು ಬರುತ್ತದೆ, ಸೀರಿಯಲ್ ಬರುತ್ತದೆ, ಡಾಕ್ಟರದ್ದು ಮಾತ್ರ ಬರುವುದಿಲ್ಲವಂತೆ.

ಮನೆ ಕಾರ್ಖಾನೆಯ ಹಳೇ ಕ್ವಾರ್ಟರ್ಸ್. ಆ ಕಾಲದ ದಪ್ಪ ಗೋಡೆ, ಒಳಗೆ ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಇರುವುದಿಲ್ಲ. ಹಾಲಿನಲ್ಲಿ ಮಂಚದ ಮೇಲೆ ಮನೆಯ ಯಜಮಾನರು ದಿಂಬಿಗೆ ಒರಗಿ ಕೂತಿದ್ದರು. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಮೇಲಿನಿಂದ ಕೂಗಿದರೆ ಇಡೀ ಶೆಡ್ಡಿಗೆ ಕೇಳುತ್ತಿತ್ತು ಎಂದು ಹೆಂಡತಿ ಹೇಳಿದರು. ಮೂರು ತಿಂಗಳ ಹಿಂದೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಾಲು ಸ್ವಲ್ಪ ಬಂದಿತ್ತು. ಮಾತು ಬಂದಿರಲಿಲ್ಲ. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ, ಅವರಿಗೆ ಬೇಕಾದ ಪದ ಮಾತ್ರ ಬಾಯಿಗೆ ಸಿಗುವುದಿಲ್ಲ.

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಥೆರಪಿಸ್ಟ್ ಒಬ್ಬರಿದ್ದಾರೆ. ವಾರಕ್ಕೊಮ್ಮೆ ವಿಡಿಯೋದಲ್ಲಿ ಪಾಠ. ಆಸ್ಪತ್ರೆಯ ವೆಬ್‌ಸೈಟಿನಲ್ಲೇ ಅದು ನಡೆಯಬೇಕು, ಪರದೆಯ ಮೇಲೆ ಚಿತ್ರಗಳು ಬರುತ್ತವೆ, ಅವನ್ನು ನೋಡಿ ಇವರು ಹೆಸರು ಹೇಳಬೇಕು. ಮೊದಲ ತಿಂಗಳುಗಳಲ್ಲಿ ಎಷ್ಟು ಅಭ್ಯಾಸವಾಗುತ್ತದೋ ಅಷ್ಟು ಮಾತು ಮರಳುವ ಸಾಧ್ಯತೆ, ತಡವಾದಷ್ಟೂ ಕಷ್ಟ ಎಂದು ಥೆರಪಿಸ್ಟ್ ಹೇಳಿದ್ದರಂತೆ. ಎರಡು ಪಾಠ ಆಗಲೇ ತಪ್ಪಿದ್ದವು. ಒಮ್ಮೆ ಅಂಗಳದಲ್ಲಿ ಕುರ್ಚಿ ಹಾಕಿ ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿದ್ದರು. ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದ್ದೇ ಇವರು ಬಾಯಿ ಮುಚ್ಚಿಬಿಟ್ಟರಂತೆ. ಶುಕ್ರವಾರ ಮುಂದಿನ ಪಾಠ. ಅದೂ ತಪ್ಪಿದರೆ ಆ ಸಮಯ ಸರದಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ. ನಾನು ಹೋದದ್ದು ಬುಧವಾರ.

"ಅಣ್ಣ ಎಲ್ಲಿಗ್ ಹೋಗಿದಾರೆ?" ಎಂದು ಹೆಂಡತಿ ಕಾಫಿ ಕೊಡುತ್ತ ಕೇಳಿದರು.

"ಇಲ್ಲ" ಎಂದೆ. ಅವರು ಕಾಯುತ್ತ ನಿಂತರು. "ತೀರಿಕೊಂಡ. ಉಸಿರಾಟದ ತೊಂದರೆ ಆಗಿತ್ತು."

ಅವರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಗೋಡೆಗೆ ಒರಗಿದರು. ನಾವು ಆಸ್ಪತ್ರೆಯಲ್ಲೇ ಬಿದ್ದಿದ್ದೆವು, ಊರಲ್ಲಿ ಏನಾಯಿತೆಂದೇ ಗೊತ್ತಾಗಲಿಲ್ಲ ಎಂದರು. ಮಂಚದ ಮೇಲಿದ್ದವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎಡಗೈ ಎತ್ತಿ ತಮ್ಮ ಕಣ್ಣಿನ ಮೇಲೆ ಇಟ್ಟುಕೊಂಡರು. ನಾನು ಬ್ಯಾಗ್ ತೆರೆದು ಲ್ಯಾಪ್‌ಟಾಪ್ ತೆಗೆದೆ.

ಮೊದಲು ತಪ್ಪು ಯಾರದೆಂದು ಗೊತ್ತುಮಾಡಿಕೊಳ್ಳಬೇಕು. ಅವರ ಫೋನಿನಲ್ಲಿ ಆಸ್ಪತ್ರೆಯ ಪುಟ ತೆರೆಯಲಿಲ್ಲ. ನನ್ನ ಫೋನನ್ನು ಅವರ ವೈಫೈಗೆ ಸೇರಿಸಿದೆ, ಅದರಲ್ಲೂ ಇಲ್ಲ. ಅಂಗಳದ ನಲ್ಲಿಯ ಹತ್ತಿರ ಹೋಗಿ ಮೊಬೈಲ್ ಡೇಟಾದಲ್ಲಿ ನೋಡಿದೆ, ತಕ್ಷಣ ತೆರೆಯಿತು. ಹೊರಡುವ ಮುಂಚೆ ಅಂಗಡಿಯ ಲೈನಿನಲ್ಲೂ ನೋಡಿಕೊಂಡು ಬಂದಿದ್ದೆ, ಅಲ್ಲೂ ತೆರೆದಿತ್ತು. ಅಂದರೆ ಆಸ್ಪತ್ರೆಯ ಪುಟ ಸರಿಯಿದೆ, ನಮ್ಮ ಲೈನ್ ಸರಿಯಿದೆ, ಫೋನುಗಳು ಸರಿಯಿವೆ. ಉಳಿದದ್ದು ಗೋಡೆಯ ಮೇಲಿನ ರೂಟರ್ ಮಾತ್ರ. ನಮ್ಮ ಕಡೆ ಅದಕ್ಕೆ ಬಾಕ್ಸ್ ಎನ್ನುತ್ತೇವೆ. ಫೈಬರ್ ತಂತಿ ಒಳಗೆ ಹೋಗಿ ವೈಫೈ ಆಗಿ ಹೊರಬರುವುದು ಆ ಒಂದೇ ಡಬ್ಬಿಯಿಂದ, ಅದನ್ನು ಬಿಟ್ಟು ನೇರವಾಗಿ ತಂತಿ ಜೋಡಿಸಿ ನೋಡುವ ಹಾಗಿಲ್ಲ.

ಕೆಲವು ಪುಟಗಳು ಮಾತ್ರ ತೆರೆಯದಿದ್ದರೆ ನಮ್ಮ ಮೊದಲ ಗುಮಾನಿ ಪ್ಯಾಕೆಟ್ ಗಾತ್ರದ ಮೇಲೆ. ಮಾಹಿತಿ ತುಂಡು ತುಂಡಾಗಿ ಬರುತ್ತದೆ. ತುಂಡು ಲೈನಿಗಿಂತ ದೊಡ್ಡದಾದರೆ ಕೆಲವು ಪುಟಗಳು ಅರ್ಧಕ್ಕೆ ನಿಂತು ಸುತ್ತುತ್ತಲೇ ಇರುತ್ತವೆ. ಲ್ಯಾಪ್‌ಟಾಪಿನಲ್ಲಿ ಆ ಗಾತ್ರ ಇಳಿಸಿದೆ, ಇನ್ನೂ ಇಳಿಸಿದೆ. ಏನೂ ಆಗಲಿಲ್ಲ. ಆಗ ಗಮನಿಸಿದೆ, ಇಲ್ಲಿ ಪುಟ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ, ಶುರುವೇ ಆಗುತ್ತಿರಲಿಲ್ಲ. ಪುಟದ ಹೆಸರು ಕೊಟ್ಟರೆ ಅದರ ಅಂಕಿಯ ವಿಳಾಸ ಸಿಗಬೇಕು, ಇದಕ್ಕೆ ವಿಳಾಸವೇ ಸಿಗುತ್ತಿಲ್ಲ. ವಿಳಾಸ ಕೊಡುವ ಸರ್ವರನ್ನು ಬದಲಿಸಿ ನೋಡಿದೆ, ಆಗಲೂ ಸಿಗಲಿಲ್ಲ. ಹೆಸರು ಕೇಳಿದ ಕೂಡಲೇ ಬಾಕ್ಸಿನ ಒಳಗೇ ಯಾರೋ ಕೂತು ಬೇಡ ಅನ್ನುತ್ತಿರುವ ಹಾಗಿತ್ತು.

ಬೇರೆ ಯಾವುದಾದರೂ ಪುಟ ತೆರೆಯುವುದಿಲ್ಲವೇ ಎಂದು ಕೇಳಿದೆ. ಕಾರ್ಖಾನೆಯವರ ಸೊಸೈಟಿಯ ಪುಟವೂ ಬಹಳ ದಿನದಿಂದ ತೆರೆಯುತ್ತಿಲ್ಲ ಎಂದರು. "ಅದ್ ಬಿಡಿ, ಆ ಸೊಸೈಟಿಯೋರ್ ಕೌಂಟರೇ ತೆಗೆಯಲ್ಲ, ಇನ್ ಸೈಟ್ ಎಲ್ಲಿ ತೆಗೀತಾರೆ" ಎಂದು ಅವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬಾಕ್ಸಿನಲ್ಲಿ ಎರಡು ಬಾಗಿಲು ಇರುತ್ತವೆ. ಕೆಳಗೆ ಅಂಟಿಸಿದ ಚೀಟಿಯ ಪಾಸ್‌ವರ್ಡ್ ಮನೆಯವರದು, ಅದರಲ್ಲಿ ಹೋದರೆ ವೈಫೈ ಹೆಸರಿನಂಥ ನಾಲ್ಕಾರು ವಿಷಯ ಮಾತ್ರ ಕಾಣುತ್ತದೆ. ತಡೆ ಹಾಕುವ, ತೆಗೆಯುವ ಜಾಗವೆಲ್ಲ ಇನ್ನೊಂದು ಬಾಗಿಲಿನ ಒಳಗೆ. ಆ ಎರಡನೇ ಪಾಸ್‌ವರ್ಡ್ ಅಣ್ಣ ನಮ್ಮ ಗಿರಾಕಿಗಳ ಮನೆಗೆಲ್ಲ ಒಂದೇ ಇಡುತ್ತಿದ್ದ. ಅದನ್ನು ಹಾಕಿದೆ. ತಪ್ಪು ಎಂದಿತು. ಮತ್ತೆ ಹಾಕಿದೆ. ಮೂರನೇ ಸಲಕ್ಕೆ ಬಾಕ್ಸ್ ಬೀಗ ಹಾಕಿಕೊಂಡಿತು. ಈ ಮನೆಗೆ ಮಾತ್ರ ಅಣ್ಣ ಬೇರೆ ಏನನ್ನೋ ಇಟ್ಟಿದ್ದ. ಯಾಕೆಂದು ಆಗ ಹೊಳೆಯಲಿಲ್ಲ.

ಇಷ್ಟು ಹೊತ್ತೂ ಮಂಚದ ಮೇಲಿನವರು ಏನೋ ಹೇಳಲು ಒದ್ದಾಡುತ್ತಿದ್ದರು. "ಓ… ಓಸ್…" ಎನ್ನುವರು, ನಿಲ್ಲುವರು, ತಲೆ ಅಲ್ಲಾಡಿಸುವರು. ಹೆಂಡತಿ ಅರ್ಥ ಹೇಳಿದರು: "ಹೊಸದು ಅಂತಿದಾರೆ. ಓಸ ಬಾಕ್ಸ್ ಹಾಕ್ಸು ಅಂತ. ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದಾರೆ." ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುವುದು ಇದ್ದದ್ದೇ, ನನಗೂ ಹಾಗೇ ಕೇಳಿಸಿತು. ಹೊಸ ಬಾಕ್ಸ್ ಬೇಡ ಸರ್, ಇದನ್ನೇ ಸರಿ ಮಾಡ್ತೀನಿ ಎಂದು ಸಮಾಧಾನ ಹೇಳಿದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಸಮಾಧಾನ ಇರಲಿಲ್ಲ.

ಸಂಜೆ ಶಿವಮೊಗ್ಗದ ಆಫೀಸಿಗೆ ಫೋನ್ ಮಾಡಿದೆ. ನಮ್ಮ ಲೈನುಗಳಿಗೆಲ್ಲ ಮೂಲ ಅಲ್ಲಿ. ಅಲ್ಲಿನ ಎಂಜಿನಿಯರ್ ನನ್ನ ಮಾತು ಮುಗಿಯುವ ಮುಂಚೆಯೇ ರೀಸೆಟ್ ಹೊಡೆಯಿರಿ ಎಂದ. ಬಾಕ್ಸಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಪಿನ್ ಚುಚ್ಚಿ ಸ್ವಲ್ಪ ಹೊತ್ತು ಹಿಡಿದರೆ ಒಳಗಿನದೆಲ್ಲ ಅಳಿಸಿ ಅಂಗಡಿಯಿಂದ ತಂದ ದಿನದ ಹಾಗೆ ಆಗುತ್ತದೆ. ಹಾಕಿದ ತಡೆಯೂ ಹೋಗುತ್ತದೆ, ಮರೆತ ಪಾಸ್‌ವರ್ಡೂ ಹೋಗುತ್ತದೆ. ಲೈನಿನ ವಿವರ ಮತ್ತೆ ತುಂಬಿದರೆ ಕೆಲಸ ಮುಗಿಯಿತು. ಅವನು ಹೇಳಿದ್ದು ಸರಿಯೇ. ನಾನೂ ಬೇರೆ ಮನೆಗಳಲ್ಲಿ ಮಾಡಿದ್ದೇನೆ. ಮಾಡುವಾಗ ಒಂದು ಕ್ಷಣ ಕೈ ತಡೆಯುತ್ತಿತ್ತು, ಒಳಗಿರುವುದೆಲ್ಲ ಅಣ್ಣ ಕೂತು ಟೈಪ್ ಮಾಡಿದ್ದು ಅಂತ. ಆದರೂ ಮಾಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಹೋಗಿ ಬಾಕ್ಸನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಗುಚಿ ಇಟ್ಟೆ. ಪಿನ್ ಕೈಗೆ ತೆಗೆದುಕೊಂಡೆ.

ಮಂಚದ ಕಡೆಯಿಂದ ಠಣ್ ಎಂದು ಸದ್ದಾಯಿತು. ಯಜಮಾನರು ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದರು. ನೀರೆಲ್ಲ ಹಾಸಿಗೆಗೆ ಚೆಲ್ಲಿತ್ತು. "ಓಸ್… ಓಸ್…" ಎನ್ನುತ್ತಿದ್ದರು. ಹೆಂಡತಿ ಒಳಗಿನಿಂದ ಓಡಿ ಬಂದು ಲೋಟ ಕಿತ್ತುಕೊಂಡರು. "ಏನ್ರೀ ನಿಮ್ದು? ಹೊಸದು ಬೇಡ್ವಂತೆ, ಇದೇ ಸರಿ ಹೋಗುತ್ತಂತೆ. ಕ್ರೇನ್ ಮೇಲೆ ಕೂತ್ಕೊಂಡು ಎಲ್ಲಾರ್ನೂ ಹೆದರ್ಸಿದ್ದು ಸಾಕಾಗಿಲ್ವಾ? ಆ ಹುಡುಗಿನೂ ಹೆದರ್ಸ್ತೀರಾ?" ಅವರು ಹೆಂಡತಿಯ ಕಡೆ ನೋಡಲೇ ಇಲ್ಲ. ನನ್ನ ಕೈಯಲ್ಲಿದ್ದ ಪಿನ್ನನ್ನೇ ನೋಡುತ್ತಿದ್ದರು.

ಪಿನ್ನನ್ನು ಮೇಜಿನ ಮೇಲೆ ಇಟ್ಟೆ. ಬಡಿತ ನಿಂತಿತ್ತು, ಅವರ ಉಸಿರೂ ನಿಧಾನವಾಯಿತು. ಮತ್ತೆ ಕೈಗೆ ತೆಗೆದುಕೊಂಡೆ. ಅವರು ತಲೆಯನ್ನು ಎರಡೂ ಕಡೆ ಜೋರಾಗಿ ಅಲ್ಲಾಡಿಸಿದರು.

ಹೊಸ ಬಾಕ್ಸ್ ಬೇಕು ಅನ್ನುವವರಾದರೆ ಹಳೆಯದನ್ನು ಅಳಿಸಿದರೆ ಯಾಕೆ ಇಷ್ಟು ಸಂಕಟಪಡಬೇಕು? ಅದರೊಳಗೆ ಇವರಿಗೆ ಬೇಕಾದದ್ದು ಏನೋ ಇದೆ. ಏನೆಂದು ಇವರಿಗೆ ಗೊತ್ತಿದೆ, ಹೇಳಲು ಆಗುತ್ತಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ದಿನ ಅಣ್ಣನ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ಅವನು ಏನೋ ಹೇಳಲು ಬಾಯಿ ತೆರೆದ. ನರ್ಸ್ ಬಂದು ಮಾತಾಡಬೇಡಿ, ಆಯಾಸವಾಗುತ್ತದೆ ಎಂದು ಮಾಸ್ಕನ್ನು ಸರಿಪಡಿಸಿ ಹೋದರು. ಅವರು ಮಾಡಿದ್ದು ಅವರ ಕೆಲಸ. ಅಣ್ಣ ಹೇಳಲು ಹೊರಟದ್ದು ನೀರು ಬೇಕು ಅಂತಲೋ, ಯಾರದೋ ಮನೆಯ ಲೈನಿನ ವಿಷಯವೋ, ನನಗೆ ಗೊತ್ತಿಲ್ಲ. ಅಷ್ಟೇ.

ಬಾಕ್ಸನ್ನು ಮತ್ತೆ ಗೋಡೆಗೆ ಹಾಕಿದೆ. ಅಳಿಸದೆ ಒಳಗೆ ಹೋಗುವ ದಾರಿ ಶಿವಮೊಗ್ಗದವರ ಹತ್ತಿರ ಇರಬೇಕು, ಹೋಗಿ ಕೇಳಿಕೊಂಡು ಬರ್ತೀನಿ ಎಂದು ಹೆಂಡತಿಗೆ ಹೇಳಿದೆ. ಅವರ ಮುಖ ಇಳಿಯಿತು. ಎರಡು ನಿಮಿಷದ ಕೆಲಸ ಅಂದಿದ್ರಲ್ಲ, ನಾಳೆ ಬೆಳಿಗ್ಗೆಯೇ ಪಾಠ ಅಲ್ವಾ ಎಂದರು. ಅವರ ಆತಂಕ ನ್ಯಾಯವಾದದ್ದು. ಗಂಡನ ಹಟಕ್ಕೆ ಗಂಡನ ಮಾತೇ ಹೋಗುತ್ತದೆ ಎಂದು ಅವರಿಗೆ. ಏನೇ ಆದರೂ ಪಾಠ ಶುರುವಾಗುವ ಮುಂಚೆ ಪುಟ ತೆರೆದುಕೊಡುತ್ತೇನೆ, ಬೇರೆ ದಾರಿ ಸಿಗದಿದ್ದರೆ ಆಗ ಪಿನ್ ಹಾಕುತ್ತೇನೆ ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿ ಹೊರಟೆ.

ಅಣ್ಣನನ್ನು ಕರೆತಂದ ಮೇಲೆ ನಾನು ಶಿವಮೊಗ್ಗಕ್ಕೆ ಹೋಗಿರಲಿಲ್ಲ. ಹೋಗಬೇಕಾದ ಕೆಲಸಗಳನ್ನೆಲ್ಲ ಫೋನಿನಲ್ಲೇ ಮುಗಿಸುತ್ತಿದ್ದೆ. ಬಸ್ ಸ್ಟ್ಯಾಂಡಿನಿಂದ ಆಫೀಸಿಗೆ ಹೋಗುವ ದಾರಿಯಲ್ಲೇ ಅಣ್ಣ ತೀರಿಕೊಂಡ ಆಸ್ಪತ್ರೆ. ಎದುರಿನ ಎಳನೀರು ಅಂಗಡಿಯವನು ನನ್ನ ಗುರುತು ಹಿಡಿದು, ಹೇಗಿದ್ದಾರೆ ನಿಮ್ಮ ಪೇಷಂಟು ಎಂದು ಕೇಳಿದ. ಮನೆಗೆ ಹೋದರು ಎಂದೆ. ಅವನಿಗೆ ಸಂತೋಷವಾಯಿತು.

ಎಂಜಿನಿಯರ್ ಅಂದುಕೊಂಡಿದ್ದಕ್ಕಿಂತ ಚಿಕ್ಕ ವಯಸ್ಸಿನವನು. ಎರಡು ಫೋನುಗಳ ನಡುವೆ ಕೂತಿದ್ದ. ಬಾಕ್ಸಿನ ಎರಡನೇ ಪಾಸ್‌ವರ್ಡನ್ನು ಇಲ್ಲಿಂದಲೇ ಬದಲಾಯಿಸಿ ಕೊಡಿ, ಒಳಗಿನ ಬೇರೆ ಯಾವುದೂ ಅಳಿಯಬಾರದು ಎಂದೆ.

"ಅಷ್ಟೆಲ್ಲಾ ಯಾಕೆ ಮೇಡಂ? ರೀಸೆಟ್ ಹೊಡೆದ್ರೆ ಎರಡ್ ನಿಮಿಷ."

"ಪೇಷಂಟ್ ಬೇಡ ಅಂತಿದಾರೆ."

"ಅವರಿಗೆ ಮಾತೇ ಬರಲ್ಲ ಅಂದ್ರಲ್ಲ?"

"ಮಾತು ಬರಲ್ಲ. ಬೇಡ ಅನ್ನೋದು ಬರುತ್ತೆ."

ಅವನು ಫೋನ್ ಕೆಳಗಿಟ್ಟು ನನ್ನನ್ನು ನೋಡಿದ. "ನಿಮ್ಮಣ್ಣ ಆಗಿದ್ರೆ ಇಷ್ಟೊತ್ತಿಗೆ ಫೋನಲ್ಲೇ ನಂಗೆ ಎರಡು ಬೈದು ಮಾಡಿಸ್ಕೊಂಡಿರೋರು" ಎಂದು ಕಂಪ್ಯೂಟರಿನ ಕಡೆ ತಿರುಗಿದ. ಅಣ್ಣ ಬೈಯುತ್ತಿದ್ದ ಎಂಬುದು ನನಗೆ ಹೊಸ ಸುದ್ದಿ. ಮನೆಯಲ್ಲಿ ಅವನ ದನಿ ಏರಿದ್ದನ್ನು ನಾನು ಕೇಳಿಲ್ಲ. ಏನಂತ ಬೈಯುತ್ತಿದ್ದ ಎಂದು ಕೇಳಿದೆ. "ಮೇಡಂ ಎದುರಿಗೆ ಹೇಳೋ ಹಾಗಿಲ್ಲ" ಎಂದು ನಕ್ಕ.

ಆಫೀಸಿನಿಂದ ದೂರದ ಬಾಕ್ಸುಗಳಿಗೆ ಆಜ್ಞೆ ಕಳಿಸುವ ವ್ಯವಸ್ಥೆ ಇದೆ. ಈ ಬಾಕ್ಸಿನ ಸಾಫ್ಟ್‌ವೇರ್ ಹಳೆಯದು, ಕಳಿಸಿದ್ದನ್ನು ತೆಗೆದುಕೊಳ್ಳಲಿಲ್ಲ. ಮತ್ತೆ ಕಳಿಸಿದ. ಮತ್ತೆ ಫೇಲ್. ಅವನು ಕೈಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಇಂಥ ಬಾಕ್ಸುಗಳು ತಾವಾಗಿಯೇ ಆಗಾಗ ಆಫೀಸಿಗೆ ವರದಿ ಕೊಡುತ್ತವೆ. ಆಗ ಸಿಗುವ ಹಾಗೆ ಹೊಸ ಪಾಸ್‌ವರ್ಡನ್ನು ಸರದಿಯಲ್ಲಿ ಇಟ್ಟ. ಬೆಳಗಿನೊಳಗೆ ಎತ್ತಿಕೊಂಡರೆ ಎತ್ತಿಕೊಂಡಿತು, ಇಲ್ಲದಿದ್ದರೆ ರೀಸೆಟ್ಟೇ ಗತಿ ಎಂದ. ನಾನು ಮೆಟ್ಟಿಲಿಳಿಯುವಾಗ ಹಿಂದೆ ಬಂದು, ಅಣ್ಣನ ವಿಷಯ ಗೊತ್ತಾದಾಗ ಫೋನ್ ಮಾಡಬೇಕು ಅಂದುಕೊಂಡೆ, ಏನು ಮಾತಾಡಬೇಕೋ ತಿಳಿಯಲಿಲ್ಲ ಎಂದ. ಪರವಾಗಿಲ್ಲ ಎಂದೆ.

ಶುಕ್ರವಾರ ಬೆಳಿಗ್ಗೆ ಹೋದಾಗ ಹೆಂಡತಿ ಗಂಡನಿಗೆ ಗಡ್ಡ ತೆಗೆದು ಒಗೆದ ಅಂಗಿ ಹಾಕಿಸಿದ್ದರು. ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿ ಎದುರಿಗಿಟ್ಟಿದ್ದರು. ನಾನು ಮಂಚದ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು, ಯಜಮಾನರಿಗೂ ಕಾಣುವ ಹಾಗೆ ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಹಾಕಿದೆ. ಒಂದು ಕ್ಷಣ ಬಿಳಿ ಪರದೆ. ಆಮೇಲೆ ಎಡಗಡೆ ಉದ್ದದ ಪಟ್ಟಿ ಬಿಚ್ಚಿಕೊಂಡಿತು. ಎರಡನೇ ಬಾಗಿಲು ತೆರೆದಿತ್ತು.

ಮಕ್ಕಳಿಗಾಗಿ ತಡೆ ಹಾಕುವ ಜಾಗ ನೋಡಿದೆ, ಖಾಲಿ. ಫೈರ್‌ವಾಲ್ ನೋಡಿದೆ, ಎಲ್ಲ ಮಾಮೂಲಿ. ಅದರ ಕೆಳಗೆ ಪದ ಕೊಟ್ಟು ತಡೆಯುವ ಒಂದು ಪುಟವಿರುತ್ತದೆ. ಅಲ್ಲಿ ಯಾವ ಪದ ಬರೆದಿಡುತ್ತೇವೋ ಆ ಅಕ್ಷರಗಳು ಹೆಸರಿನಲ್ಲಿ ಎಲ್ಲಿ ಕಂಡರೂ ಬಾಕ್ಸ್ ಆ ವೆಬ್‌ಸೈಟನ್ನು ಬಿಡುವುದಿಲ್ಲ. ಅದನ್ನು ತೆರೆದೆ. ಆನ್ ಆಗಿತ್ತು. ಒಂದೇ ಒಂದು ಸಾಲು. ಆ ಸಾಲಿನಲ್ಲಿ ಎರಡೇ ಇಂಗ್ಲಿಷ್ ಅಕ್ಷರ, ಓ ಮತ್ತು ಸಿ.

ಆಸ್ಪತ್ರೆಯ ವೆಬ್‌ಸೈಟಿನ ಹೆಸರಿನಲ್ಲಿ ಡಾಕ್ಟರ್ ಎಂಬ ಪದವಿತ್ತು, ಅದನ್ನು ಇಂಗ್ಲಿಷಿನಲ್ಲಿ ಬರೆದರೆ ಡಿ ಆದ ಮೇಲೆ ಬರುವುದು ಅವೇ ಎರಡು. ಸೊಸೈಟಿಯ ನಡುವೆಯೂ ಅವೇ ಎರಡು. ಪುಟಗಳು ತೆರೆಯದಿದ್ದ ಕಾರಣ ಅಷ್ಟೇ. ಆದರೆ ಈ ಎರಡು ಅಕ್ಷರವನ್ನು ಯಾರು ಯಾಕೆ ತಡೆಯುತ್ತಾರೆ? ಟೈಪ್ ಮಾಡುವಾಗ ಕೈ ತಪ್ಪಿರಬೇಕು ಎಂದುಕೊಂಡೆ. ಬಾಯಲ್ಲಿ ಒಮ್ಮೆ ಓದಿದೆ.

"ಓ. ಸಿ."

ಪಕ್ಕದಲ್ಲಿ ಯಜಮಾನರು ಉಸಿರು ಬಿಟ್ಟ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಅವರು ಕಣ್ಣು ಮುಚ್ಚಿ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು, ನಿಲ್ಲಿಸದೆ. ಎರಡು ದಿನದಿಂದ ಅವರು ಹೇಳುತ್ತಿದ್ದದ್ದು ಹೊಸ ಅಲ್ಲ. ಓಸಿ.

ಓಸಿ ಎಂದರೆ ಏನೆಂದು ಭದ್ರಾವತಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಂಬರಿನ ಜೂಜು. ಮೊದಲು ಚೀಟಿಯಲ್ಲಿ ಬರೆಸುತ್ತಿದ್ದರು, ಈಗ ಫೋನಿನಲ್ಲೇ ವೆಬ್‌ಸೈಟುಗಳು ಬಂದಿವೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಗಟ್ಟಿಯಾಯಿತು. "ಯಾರ್ ಹಾಕ್ಸಿದ್ದು ಅದನ್ನ? ನಾನಲ್ಲ. ನಂಗೆ ಇಂಥದ್ದೊಂದು ಮಾಡಬೋದು ಅಂತ್ಲೇ ಗೊತ್ತಿಲ್ಲ."

ಯಜಮಾನರು ಕಣ್ಣು ತೆರೆದು ಎಡಗೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು.

ಆ ಹೆಂಗಸು ಬಾಗಿಲಿನಿಂದ ಮಂಚದವರೆಗೆ ಬರಲು ಬಹಳ ಹೊತ್ತು ತೆಗೆದುಕೊಂಡರು. ಎಷ್ಟು ವರ್ಷದಿಂದ ಆ ಮನೆಯಲ್ಲಿ ಆ ಜಗಳ ನಡೆದಿತ್ತೋ ನಾನು ಕೇಳಲಿಲ್ಲ. ಬಿಟ್ಟೆ ಬಿಟ್ಟೆ ಎಂದು ಆಣೆ ಇಟ್ಟು ಮತ್ತೆ ಹಿಡಿದದ್ದು ಲೆಕ್ಕವಿಲ್ಲ ಎಂದು ಅವರೇ ಹೇಳಿದರು. ಈಗ ನಿಂತಿರುವುದು ಕಾಯಿಲೆಯಿಂದ, ಬೇರೆ ಯಾವುದರಿಂದಲೂ ಅಲ್ಲ ಎಂದು ಅವರು ತಿಳಿದಿದ್ದರು. ಕಾಯಿಲೆಗೆ ಮುಂಚಿನ ತಿಂಗಳು ಗಂಡ ಎಲ್ಲದಕ್ಕೂ ಸಿಡುಕುತ್ತಿದ್ದರಂತೆ. ಇನ್ನೂ ಜಾಸ್ತಿ ಸೋಲುತ್ತಿರಬೇಕು ಎಂದುಕೊಂಡಿದ್ದರಂತೆ.

"ನಂಗೊಂದ್ ಮಾತ್ ಹೇಳ್ಬಾರ್ದಿತ್ತೇನ್ರೀ?" ಎಂದರು. ಹೇಳಿದ ಮೇಲೆ ತಾವು ಕೇಳಿದ್ದು ಯಾರನ್ನು ಎಂದು ನೆನಪಾಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುವೋ ಅಳುವೋ ಗೊತ್ತಾಗಲಿಲ್ಲ. ಯಜಮಾನರ ಬಾಯಿಯೂ ಒಂದು ಕಡೆಗೆ ಸೊಟ್ಟಗೆ ಎದ್ದಿತು.

ನಾನು ಪರದೆಯನ್ನು ನೋಡುತ್ತ ಕೂತೆ. ಅಣ್ಣನನ್ನು ಈ ಮನುಷ್ಯ ಒಂದು ದಿನ ಕರೆಸಿದ್ದಾರೆ. ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡಿರಬೇಕು. ಓಸಿ ಬಂದ್ ಮಾಡಿಕೊಡು, ನಾನು ಕೇಳಿದರೂ ತೆಗೆಯಬೇಡ ಎಂದಿದ್ದಾರೆ. ಅದಕ್ಕೇ ಅಣ್ಣ ಎಲ್ಲ ಮನೆಗೂ ಇಡುವ ಪಾಸ್‌ವರ್ಡನ್ನು ಇಲ್ಲಿ ಇಡಲಿಲ್ಲ. ಅಂಗಳಕ್ಕೆ ಹೋದರೆ ಮೊಬೈಲಿನಲ್ಲಿ ಹೇಗೂ ಸಿಗುತ್ತದೆ, ಅದು ಅಂಥ ಗಟ್ಟಿ ಬೇಲಿಯಲ್ಲ. ಆದರೆ ಅಂಗಳಕ್ಕೆ ಹೋಗಬೇಕಾದರೆ ಹೆಂಡತಿಯ ಮುಂದೆಯೇ ಹಾದು ಹೋಗಬೇಕು. ಅಷ್ಟು ತಡೆ ಸಾಕು ಎಂದು ಇವರಿಗೆ ಅನ್ನಿಸಿರಬಹುದು. ಅಣ್ಣ ಅಂದು ಸಂಜೆ ಮನೆಗೆ ಬಂದು ಊಟಕ್ಕೆ ಕೂತಿದ್ದಾನೆ, ನನಗೆ ಒಂದು ಮಾತೂ ಹೇಳಿಲ್ಲ. ಬೇರೆಯವರ ಮನೆಯ ವಿಷಯ ಅವನು ಎಂದೂ ಆಡುತ್ತಿರಲಿಲ್ಲ. ಆಡಲು ಅವನಿಗೆ ವಿಷಯವೇ ಇರುವುದಿಲ್ಲ ಎಂದು ನಾನು ತಿಳಿದಿದ್ದೆ.

ತಪ್ಪೂ ಅವನದೇ. ಯಾವುದನ್ನೇ ಆದರೂ ಅವನು ಕಿವಿಗೆ ಕೇಳಿದ ಹಾಗೇ ಬರೆಯುವವನು. ಅವರು ಓಸಿ ಎಂದರು, ಇವನು ಎರಡು ಅಕ್ಷರ ಕುಟ್ಟಿ ಸೇವ್ ಒತ್ತಿ ಎದ್ದಿದ್ದಾನೆ. ಆ ಎರಡು ಅಕ್ಷರ ಇನ್ನೆಷ್ಟು ಪದಗಳ ಹೊಟ್ಟೆಯಲ್ಲಿವೆ ಎಂದು ಯೋಚಿಸಿಲ್ಲ. ಎಲ್ಲ ಜೂಜಿನ ಸೈಟುಗಳ ಹೆಸರಿನಲ್ಲೂ ಓಸಿ ಎಂದು ಇರುತ್ತದೆಯೇ ಎಂದೂ ನೋಡಿಲ್ಲ. ನನಗೆ ನಗು ಬಂತು. ಎರಡು ತಿಂಗಳಲ್ಲಿ ಅಣ್ಣನನ್ನು ನೆನೆದು ನಕ್ಕಿದ್ದು ಅದೇ ಮೊದಲು. ಹೆಂಡತಿ ನನ್ನ ಮುಖ ನೋಡಿ ಒಂದು ಲೋಟ ನೀರು ತಂದಿಟ್ಟರು.

ಪಾಠಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಎರಡಕ್ಷರದ ಆ ಸಾಲನ್ನು ತೆಗೆಯುತ್ತೇನೆ, ಅದರ ಬದಲು ಆ ಸೈಟುಗಳ ಪೂರ್ತಿ ಹೆಸರನ್ನೇ ಹಾಕುತ್ತೇನೆ, ಆಗ ಡಾಕ್ಟರದ್ದು ತೆರೆಯುತ್ತದೆ, ಜೂಜಿನದು ತೆರೆಯುವುದಿಲ್ಲ ಎಂದು ಯಜಮಾನರಿಗೆ ಹೇಳಿದೆ. ಸರಿಯಾ ಎಂದು ಕೇಳಿದೆ. ತಲೆಯಾಡಿಸಿದರು. ನನಗೆ ಆ ಹೆಸರುಗಳು ಗೊತ್ತಿರಲಿಲ್ಲ. ಹುಡುಕಿ ಸಿಕ್ಕಿದ್ದನ್ನು ಒಂದೊಂದಾಗಿ ತೋರಿಸಿದೆ. ಹೌದು ಎಂದದ್ದನ್ನು ಬರೆದುಕೊಂಡೆ. ಒಂದು ಸಲ ಅವರೇ ನನ್ನ ಕೈ ತಡೆದು, ನಾನು ದಾಟಿಹೋಗಿದ್ದ ಹೆಸರೊಂದರ ಮೇಲೆ ಬೆರಳಿಟ್ಟರು. ಹೆಂಡತಿ ನೋಡುತ್ತಿದ್ದರು. "ಅದೂನಾ?" ಎಂದರು. ಅವರು ತಲೆ ತಗ್ಗಿಸಿದರು, ಬೆರಳು ತೆಗೆಯಲಿಲ್ಲ.

ಎರಡನೇ ಬಾಗಿಲಿಗೆ ಹೊಸ ಪಾಸ್‌ವರ್ಡ್ ಇಡಬೇಕಿತ್ತು. ನಾನು ಟೈಪ್ ಮಾಡಲು ಶುರುಮಾಡುವಾಗ ಯಜಮಾನರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಿಮಗೆ ಬರೆದುಕೊಡಲೇ ಎಂದು ಹೆಂಡತಿಯನ್ನು ಕೇಳಿದೆ. "ನಂಗೂ ಬೇಡ" ಎಂದರು. "ಬೇಲಿ ಹಾಕ್ಕೊಂಡೋರು ಅವರು. ಕಾವಲಿಗೆ ನನ್ನ ನಿಲ್ಲಿಸ್ಬೇಡಿ."

ಸೇವ್ ಒತ್ತಿದೆ. ಆಸ್ಪತ್ರೆಯ ಪುಟ ತೆರೆಯಿತು. ಥೆರಪಿಸ್ಟ್ ಮುಖ ಬಂತು, ಎಲ್ಲಿ ಹೋಗಿದ್ರಿ ಸರ್ ಇಷ್ಟು ದಿನ ಎಂದು ಅವರು ಕೇಳಿದರು. ನಾನು ತಂತಿ ಸುತ್ತಿಕೊಂಡು ಜಗುಲಿಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ಚಿತ್ರ ತೋರಿಸುತ್ತಿದ್ದರು ಅನ್ನಿಸುತ್ತದೆ. ಇದೇನು ಸರ್, ಇದೇನು ಎಂಬ ದನಿ ಕೇಳಿಸುತ್ತಿತ್ತು. ಉತ್ತರ ಬರುತ್ತಿರಲಿಲ್ಲ. ಮತ್ತೆ 'ಇದೇನು ಸರ್'. ಥೆರಪಿಸ್ಟಿಗೆ ಅವಸರವಿರಲಿಲ್ಲ. ನಾನು ಸ್ಕೂಟಿ ಹತ್ತಿದೆ.

ಆಮೇಲೆ ಆ ಮನೆಗೆ ಹೋಗುವ ಕೆಲಸ ಬೀಳಲಿಲ್ಲ. ಹೇಗಿದ್ದಾರೆ ಎಂದು ಕೇಳಲು ಫೋನ್ ಮಾಡಬೇಕು ಅನ್ನಿಸುತ್ತಿತ್ತು. ಮಾಡಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ರಸ್ತೆ ಅಗೆಯುವ ಯಂತ್ರ ನಮ್ಮ ಫೈಬರನ್ನು ಕತ್ತರಿಸಿ ನ್ಯೂ ಟೌನಿನ ಅರ್ಧ ಭಾಗದಲ್ಲಿ ನೆಟ್ ಹೋಯಿತು. ಒಂದರ ಹಿಂದೆ ಒಂದು ಕರೆ. ಎಲ್ಲರಿಗೂ ಸಂಜೆಯಾಗುತ್ತದೆ ಎಂದೇ ಹೇಳುತ್ತಿದ್ದೆ. ಒಂದು ಕರೆಯಲ್ಲಿ ಮಾತ್ರ ಯಾರೂ ಮಾತಾಡಲಿಲ್ಲ. ಉಸಿರು ಕೇಳುತ್ತಿತ್ತು. ಇಡಬೇಕೆಂದಿದ್ದೆ.

"ನೆ…" ಎಂದಿತು ಒಂದು ಗಂಡು ದನಿ. ನಿಂತಿತು. "ನೆಟ್ಟು."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮನೆಯೊಳಗೆ ಸಿಗ್ನಲ್ ಇಲ್ಲ, ಅಂಗಳಕ್ಕೆ ಬಂದೇ ಫೋನ್ ಮಾಡಿರಬೇಕು. ಹಿಂದಿನಿಂದ ಹೆಂಡತಿ ಹೇಳಿಕೊಡುವುದು ಕೇಳಿಸಿತು, ಏನಾಯ್ತು ಅಂತಾನೂ ಹೇಳ್ಬೇಕಲ್ಲ ಅಂತ. ಆ ದನಿ ಹೂಂ ಎಂದು ಅವರನ್ನು ಸುಮ್ಮನಾಗಿಸಿತು. ಮತ್ತೆ ಬಹಳ ಹೊತ್ತು ಉಸಿರು.

"ನೆಟ್ಟು… ಇಲ್ಲ."

"ಗೊತ್ತಾಯ್ತು ಸರ್" ಎಂದೆ. "ಲೈನ್ ಕಟ್ ಆಗಿದೆ. ಸಂಜೆಯೊಳಗೆ ಮಾಡಿಕೊಡ್ತೀನಿ."

ಅವರು ಫೋನ್ ಇಡಲಿಲ್ಲ. ಇನ್ನೊಂದು ಕರೆ ಬರುತ್ತಿರುವ ಸದ್ದು ಕಿವಿಯಲ್ಲಿ ಬಡಿಯುತ್ತಿತ್ತು. ನಾನು ಅದನ್ನು ತೆಗೆಯದೆ ಕಾದೆ.

"ಬೇ…ಗ" ಎಂದರು, ಬೇರೆ ಗಿರಾಕಿಗಳೆಲ್ಲ ಹೇಳುವ ಹಾಗೆಯೇ, ಸ್ವಲ್ಪ ಗದರಿಸಿ.